ಅಟ್ಟದ ಮೇಲಿನ ಅಚ್ಚು

ಸಂಕ್ರಾಂತಿ ಹತ್ತಿರ ಬಂತೆಂದರೆ ಅಟ್ಟದಿಂದ ಸಕ್ಕರೆ ಅಚ್ಚಿನ ಮಣೆಗಳನ್ನು ಇಳಿಸುವುದು ಹೆಣ್ಣುಮಕ್ಕಳ ಕೆಲಸ. ಕೊಡಿಗೇನಹಳ್ಳಿಯ ನನ್ನ ತವರಿನಲ್ಲಿ ಅವುಗಳ ಜೊತೆ ಇನ್ನೊಂದು ದಪ್ಪ ಹಲಗೆಯೂ ಇಳಿಯುತ್ತಿತ್ತು. ಅದರಲ್ಲಿ ಎಂಟು ದಳದ ತಾವರೆಯೊಂದನ್ನು ಆಳವಾಗಿ ಕೊರೆದಿದ್ದರು. "ಇದಕ್ಕೂ ಪಾಕ ಹುಯ್ಯೋಣವೇ ಅಜ್ಜಿ?" ಎಂದರೆ, "ಅದು ತಿನ್ನೋ ಅಚ್ಚಲ್ಲ ಕಣೇ, ಗೋಡೇದು" ಎಂದು ಅಜ್ಜಿ ಪಕ್ಕಕ್ಕಿಡುತ್ತಿದ್ದರು.

ನಮ್ಮ ಮನೆಯ ಬಾಗಿಲ ಮೇಲೆ, ಸೂರಿನ ಕೆಳಗೆ, ಸಾಲಾಗಿ ಗಾರೆಯ ತಾವರೆಗಳಿದ್ದವು. ಎಲ್ಲ ಹೂವಿಗೂ ಒಂದು ದಳದ ತುದಿ ಮೊಂಡು. ಅಚ್ಚಿನಲ್ಲಿಯೂ ಅದೇ ದಳ ಮೊಂಡು.

ಸಕ್ಕರೆ ಅಚ್ಚು ಮಾಡಿ ಗೊತ್ತಿದ್ದವರಿಗೆ ಈ ಕೆಲಸ ಸುಲಭವಾಗಿ ಅರ್ಥವಾಗುತ್ತದೆ. ಗೋಡೆಯಲ್ಲಿ ಉಬ್ಬಾಗಿ ಕಾಣಬೇಕಾದದ್ದನ್ನು ಮರದಲ್ಲಿ ತಗ್ಗಾಗಿ ಕೊರೆಯಬೇಕು. ನಾವು ಮಣೆಯನ್ನು ನೀರಿನಲ್ಲಿ ನೆನೆಹಾಕಿದರೆ, ಗಾರೆಯವರು ಎಣ್ಣೆ ಸವರುತ್ತಿದ್ದರು. ಗಾರೆಯ ಪಾಕವೂ ಸಾಮಾನ್ಯದ್ದಲ್ಲ. ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ದಿನಗಟ್ಟಲೆ ನೆನೆಸಿ, ಮರಳು ಬೆರೆಸಿ, ಎತ್ತು ಕಟ್ಟಿದ ಗಾಣದಲ್ಲಿ ನುಣ್ಣಗೆ ಅರೆಯಬೇಕು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಬೇಕು. ಅದನ್ನು ಅಚ್ಚಿಗೆ ಒತ್ತಿ, ಕೊಂಚ ಬಿಗಿದ ಮೇಲೆ ಬಿಡಿಸಿ, ಗಾರೆಯಿಂದಲೇ ಗೋಡೆಗೆ ಅಂಟಿಸುತ್ತಿದ್ದರು. ಗೋಪುರದ ಗೊಂಬೆಗಳನ್ನು ಕೈಯಲ್ಲೇ ತಿದ್ದುವುದುಂಟು. ಆದರೆ ಒಂದೇ ಹೂವು ಸಾಲಾಗಿ ಬೇಕೆಂದರೆ ಅಚ್ಚೇ ಬೇಕು. ಸುಣ್ಣ ಗಾಳಿ ಕುಡಿಯುತ್ತಾ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತದೆ. ಬೇಗ ಬಿಗಿಯುವ ಸಿಮೆಂಟು ಬಂದ ಮೇಲೆ ಅಷ್ಟು ಕಾಯುವ ವ್ಯವಧಾನ ಯಾರಿಗೂ ಉಳಿಯಲಿಲ್ಲ. ಈಗ ಪೇಟೆಯಲ್ಲಿ ರಬ್ಬರ್ ಅಚ್ಚಿನಲ್ಲಿ ಎರೆದ ಪ್ಲಾಸ್ಟರ್ ಆಫ್ ಪ್ಯಾರಿಸ್ ಹೂವುಗಳು ಸಿದ್ಧವಾಗಿಯೇ ಸಿಗುತ್ತವೆ.

ನಾನು ಇತಿಹಾಸದ ಮೇಷ್ಟ್ರು. ನಮ್ಮ ಜಿಲ್ಲೆಯ ಶಿರಾದಲ್ಲಿರುವ ಮಲಿಕ್ ರಿಹಾನನ ಗೋರಿ 1651ರದು, ಜುಮ್ಮಾ ಮಸೀದಿ 1696ರದು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು. ಅಲ್ಲಿದ್ದ ದಿಲಾವರ್ ಖಾನನ ಅರಮನೆಯೇ 1791ರಲ್ಲಿ ಮುಗಿದ ಟಿಪ್ಪುವಿನ ಬೆಂಗಳೂರು ಅರಮನೆಗೆ ಮಾದರಿಯಾಯಿತೆಂದು ಹೇಳುತ್ತಾರೆ. ಆ ಮಾದರಿ ಹಾಳಾಯಿತು, ನಕಲು ಉಳಿಯಿತು. ಇದನ್ನು ತರಗತಿಯಲ್ಲಿ ಎಷ್ಟು ಸಲ ಮರುಗಿ ಹೇಳಿದ್ದೇನೋ!

ಅಂಥ ನಾನೇ, ತಮ್ಮಂದಿರು ಹಳೆಯ ಮನೆ ಕೆಡವುವ ಕಾಗದ ತಂದಾಗ, ಓದದೆ ರುಜು ಹಾಕಿದೆ. ಸೂರು ಸೋರುತ್ತಿತ್ತು, ನಿಜ. ಒಂದು ಹೂವನ್ನಾದರೂ ಬಿಡಿಸಿಕೊಡಿ ಎನ್ನಬೇಕೆಂದು ತೋಚಲಿಲ್ಲ. ಊರಿಗೆ ಹೋಗುವಷ್ಟರಲ್ಲಿ ತಾವರೆಗಳೆಲ್ಲ ಟ್ರ್ಯಾಕ್ಟರಿನಲ್ಲಿ ಹೋಗಿ ಹಳ್ಳ ತುಂಬಿದ್ದವು. ಅಟ್ಟದ ಸಾಮಾನಿನಲ್ಲಿ ಹಲಗೆ ಮಾತ್ರ ಸಿಕ್ಕಿತು.

ಅದನ್ನು ಶಾಲೆಗೆ ಒಯ್ದೆ. ಹುಡುಗಿಯರು ಎಣ್ಣೆ ಸವರಿ ಜೇಡಿಮಣ್ಣು ಒತ್ತಿ ಬಿಡಿಸಿದರು. ಮೊಂಡು ದಳದೊಂದಿಗೆ ನಮ್ಮ ಬಾಗಿಲ ಹೂವೇ ಎದ್ದು ಬಂತು.

"ಇದನ್ನು ಕೊರೆದವರು ಯಾರು ಮಿಸ್?" ಎಂದಳು ಒಬ್ಬಳು.

ಅಜ್ಜಿಗೆ ಗೊತ್ತಿದ್ದಿರಬೇಕು. ಅಷ್ಟು ಸಂಕ್ರಾಂತಿಗಳಲ್ಲಿ ನಾನು ಕೇಳಿದ್ದು ಪಾಕದ ಮಾತನ್ನಷ್ಟೇ.