ರೈಲು ಬಿಟ್ಟ ದಾರಿ, ನೀರು ಹಿಡಿದ ದಾರಿ

ಮಧ್ಯ ಇಟಲಿಯಲ್ಲಿ ಹಳೆಯ ಊರುಗಳು ಬಹುಪಾಲು ಗುಡ್ಡದ ನೆತ್ತಿಯಲ್ಲಿವೆ. ಕೊರ್ತೋನಾ, ಮೊಂತೆಪುಲ್ಚಾನೋ, ಮೊಂತಾಲ್ಚಿನೋ, ಒರ್ವಿಯೇತೋ ಯಾವುದನ್ನು ತೆಗೆದುಕೊಂಡರೂ ಹೀಗೆಯೇ. ಕೆಳಗೆ ಕಣಿವೆಯಲ್ಲಿ ಜೌಗು, ಮಲೇರಿಯ, ದಂಡೆತ್ತಿ ಬರುವವರ ಭಯ. ಜನ ಮೇಲೆ ಹತ್ತಿ ಕೋಟೆ ಕಟ್ಟಿಕೊಂಡು ಕೂತರು. ಇಂದು ಅಲ್ಲಿ ಸೈಕಲ್ ತುಳಿಯಲು ಹೋದವರ ಪಾಡು ಈ ಭೂಗೋಳದಿಂದಲೇ ಶುರುವಾಗುತ್ತದೆ. ಕಣಿವೆಯ ರಸ್ತೆ ಸಮತಟ್ಟಾಗಿದೆ, ಆದರೆ ಲಾರಿ, ಕಾರು, ಕಾರ್ಖಾನೆ ಎಲ್ಲ ಅಲ್ಲೇ. ದಿಣ್ಣೆಯ ಬೆನ್ನ ಮೇಲೆ ಸಾಗುವ ರಸ್ತೆಯಲ್ಲಿ ಸದ್ದಿಲ್ಲ, ಆದರೆ ಏರು ತೊಡೆಯ ಕಸುವನ್ನೆಲ್ಲ ಹೀರುತ್ತದೆ. ವಾಹನವೂ ಇಲ್ಲದ, ಎದೆಯೂ ಬಿರಿಯದ ದಾರಿ ಯಾವುದು? ಈ ಪ್ರಶ್ನೆಗೆ ಇಟಲಿ ಕಂಡುಕೊಂಡ ಉತ್ತರಗಳು ಹಲವು. ಅವುಗಳಲ್ಲಿ ಉತ್ತಮವಾದವು ಸೈಕಲ್ಲಿಗೆಂದು ಮಾಡಿದವಲ್ಲ, ಬೇರೆಯವರು ಬೇರೆ ಕೆಲಸಕ್ಕೆಂದು ಮಾಡಿ ಬಿಟ್ಟವು ಎಂಬುದು ಈ ಚರಿತ್ರೆಯ ಸ್ವಾರಸ್ಯ.

ಶುರುವಿನಲ್ಲಿ ಸಮಸ್ಯೆಯೇ ಬೇರೆ ಇತ್ತು. 1894ರ ನವೆಂಬರ್‌ನಲ್ಲಿ ಮಿಲಾನ್ ನಗರದ 57 ಮಂದಿ ಸೈಕಲ್ ಹವ್ಯಾಸಿಗಳು ಸೇರಿ ‘ಟೂರಿಂಗ್ ಕ್ಲಬ್ ಚಿಕ್ಲಿಸ್ತಿಕೋ ಇತಾಲಿಯಾನೋ’ ಎಂಬ ಸಂಘ ಕಟ್ಟಿದಾಗ ಅವರನ್ನು ಕಾಡುತ್ತಿದ್ದುದು ವಾಹನ ದಟ್ಟಣೆಯಲ್ಲ. ಧೂಳು, ಕೆಸರು, ದಾರಿ ಹೇಳುವ ಫಲಕವೂ ಇಲ್ಲದ ಕೂಡುರಸ್ತೆಗಳು. ಸಂಘವೇ ಊರೂರಿಗೆ ಫಲಕ ನೆಡಿಸಿತು. ಸ್ಥಾಪಕರಲ್ಲೊಬ್ಬರಾದ ಲುಯಿಜಿ ವಿತ್ತೋರಿಯೋ ಬೆರ್ತಾರೆಲ್ಲಿ ಮಾರ್ಗದರ್ಶಿ ಪುಸ್ತಕಗಳ ಪರಂಪರೆ ಹಾಕಿಕೊಟ್ಟರು. 1906ರಿಂದ ಮೊದಲ ಮಹಾಯುದ್ಧದ ಹೊತ್ತಿನೊಳಗೆ ಇಡೀ ದೇಶದ 1:2,50,000 ಪ್ರಮಾಣದ ನಕ್ಷೆ ಹೊರಬಂತು. ಅಷ್ಟರಲ್ಲಾಗಲೇ, ಅಂದರೆ 1900ರಲ್ಲೇ, ಸಂಘ ತನ್ನ ಹೆಸರಿನಿಂದ ಸೈಕಲ್ಲನ್ನು ಕೈಬಿಟ್ಟಿತ್ತು. ಸದಸ್ಯರು ಉಳ್ಳವರು, ಮೋಟಾರು ಕೊಳ್ಳುವ ಶಕ್ತಿ ಮೊದಲು ಬಂದದ್ದೂ ಅವರಿಗೇ. 1924ರಲ್ಲಿ ಪಿಯೇರೋ ಪುರಿಚೆಲ್ಲಿ ಎಂಬ ಇಂಜಿನಿಯರು ಮಿಲಾನ್‌ನಿಂದ ಸರೋವರಗಳ ಸೀಮೆಯತ್ತ ಮೋಟಾರುಗಳಿಗಷ್ಟೇ ಮೀಸಲಾದ ರಸ್ತೆ ತೆರೆದರು. ಜಗತ್ತಿನ ಮೊದಲ ಮೋಟಾರು ಹೆದ್ದಾರಿಗಳ ಮಾತು ಬಂದಾಗ ಅದರ ಹೆಸರು ತಪ್ಪದೆ ಬರುತ್ತದೆ. ಒಳ್ಳೆಯ ರಸ್ತೆ ಬೇಕೆಂದು ಮೊದಲು ಗಂಟಲು ಹರಿದುಕೊಂಡವರು ಸೈಕಲ್ಲಿನವರು. ರಸ್ತೆ ಬಂದಾಗ ಅವರಿಗೆ ಅಂಚೇ ಗತಿಯಾಯಿತು.

ಗುಡ್ಡ ಹತ್ತುವ ಕಷ್ಟ ಮಾತ್ರ ಹಾಗೇ ಇತ್ತು. 1909ರಲ್ಲಿ ‘ಲಾ ಗಜ್ಜೆತ್ತಾ ದೆಲ್ಲೋ ಸ್ಪೋರ್ತ್’ ಪತ್ರಿಕೆ ಜೀರೋ ದಿತಾಲಿಯಾ ಓಟ ಆರಂಭಿಸಿದ ಕಾಲದಲ್ಲಿ ಗೇರು ಬದಲಿಸುವ ಸಾಧನ ಸ್ಪರ್ಧಿಗಳ ಬಳಿ ಇರಲಿಲ್ಲ. ಮುಂದೆಯೂ ಬಹುಕಾಲ ಏರಿನ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ಮಗ್ಗುಲು ತಿರುಗಿಸಿ, ಇನ್ನೊಂದು ಬದಿಯ ದೊಡ್ಡ ಹಲ್ಲುಚಕ್ರಕ್ಕೆ ಚೈನು ಹಾಕಿಕೊಳ್ಳುವುದೇ ರೂಢಿ. 1927ರಲ್ಲಿ ಕ್ರೋಚೆ ದಾವ್ನೆ ಘಾಟಿಯ ಹಿಮದಲ್ಲಿ ಮರಗಟ್ಟಿದ ಬೆರಳಿನಿಂದ ಚಕ್ರದ ನಟ್ಟು ಬಿಚ್ಚಲಾಗದೆ ಒದ್ದಾಡಿದ ತುಲ್ಲಿಯೋ ಕಂಪಾನ್ಯೋಲೋ ಎಂಬ ಓಟಗಾರನ ಕಥೆ ಸೈಕಲ್ ಲೋಕದಲ್ಲಿ ಎಲ್ಲರಿಗೂ ಗೊತ್ತು. ಒಂದೇ ಸನ್ನೆಗೋಲಿನಿಂದ ಚಕ್ರ ಬಿಚ್ಚುವ ಉಪಾಯವನ್ನು ಆತ ಮುಂದೆ ರೂಪಿಸಿದ. 1933ರಲ್ಲಿ ವಿಚೆನ್ಸಾದಲ್ಲಿ ಕಾರ್ಖಾನೆ ತೆರೆದ. ಸಾಮಾನ್ಯ ಪ್ರವಾಸಿ ಸಾಮಾನು ಹೇರಿಕೊಂಡು ಗುಡ್ಡ ಹತ್ತಬಲ್ಲ ಎಂಬ ಧೈರ್ಯ ಬಂದದ್ದು ಗೇರು ಸುಧಾರಿಸಿದ ಮೇಲೆಯೇ.

ಎರಡನೆಯ ಮಹಾಯುದ್ಧ ಮುಗಿದಾಗ ಸೈಕಲ್ಲೇ ಇಟಲಿಯ ಕೂಲಿಯವನ ಕೈಕಾಲು. ಅದು ಕಳೆದುಹೋದರೆ ಮನೆಯೊಲೆ ಆರುತ್ತಿತ್ತು ಎಂಬುದನ್ನು 1948ರಲ್ಲಿ ನಿರ್ದೇಶಕ ದೆ ಸಿಕಾ ಮಾಡಿದ ಸೈಕಲ್ ಕಳವಿನ ಚಿತ್ರ ನೋಡಿದವರಿಗೆ ಹೇಳಬೇಕಿಲ್ಲ. ಬದಲಾವಣೆಗೆ ಇಪ್ಪತ್ತು ವರ್ಷವೂ ಬೇಕಾಗಲಿಲ್ಲ. 1946ರಲ್ಲಿ ವೆಸ್ಪಾ, 1955ರಲ್ಲಿ ಫಿಯಟ್ 600, ಎರಡು ವರ್ಷ ಬಿಟ್ಟು ಪುಟ್ಟ ಫಿಯಟ್ 500. 1964ರಲ್ಲಿ ಮಿಲಾನ್‌ನಿಂದ ನೇಪಲ್ಸ್‌ವರೆಗಿನ ‘ಸೂರ್ಯ ಹೆದ್ದಾರಿ’ ಪೂರ್ತಿಯಾಯಿತು. ಸೈಕಲ್ಲು ಹೊಟ್ಟೆಪಾಡಿನ ಸಾಧನವಾಗಿದ್ದುದು ಹೋಗಿ ಭಾನುವಾರದ ಕ್ರೀಡೆಯಾಯಿತು. ಆದರೆ ಅದೇ ವರ್ಷಗಳಲ್ಲಿ, ಯಾರೂ ಉದ್ದೇಶಿಸದೆಯೇ, ಮುಂದಿನ ಸೈಕಲ್ ಹಾದಿಗಳೂ ಹುಟ್ಟುತ್ತಿದ್ದವು. ಬಸ್ಸು, ಕಾರುಗಳ ಎದುರು ನಿಲ್ಲಲಾಗದೆ ಗುಡ್ಡಗಾಡಿನ ಸಣ್ಣ ರೈಲುಗಳು ಒಂದೊಂದಾಗಿ ಮುಚ್ಚಿದವು.

ರೈಲು ಹೋದ ದಾರಿ ಸೈಕಲ್ಲಿಗೆ ಯಾಕೆ ಅಷ್ಟು ಚೆನ್ನಾಗಿ ಒಗ್ಗುತ್ತದೆ? ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಕಡಿದಾದ ಏರಿನಲ್ಲಿ ಜಾರುತ್ತದೆ. ಹಾಗಾಗಿ ಇಂಜಿನಿಯರು ಗುಡ್ಡವನ್ನು ನೇರ ಹತ್ತದೆ ಬಳಸುತ್ತಾನೆ, ಕೊರೆಯುತ್ತಾನೆ, ಕಮಾನುಸೇತುವೆ ಕಟ್ಟಿ ದಾಟುತ್ತಾನೆ. ಅವನು ಉಗಿಬಂಡಿಗೋ ವಿದ್ಯುತ್ ಬಂಡಿಗೋ ಮಾಡಿಕೊಟ್ಟ ಉಪಕಾರ ನಮ್ಮ ಮೊಣಕಾಲಿಗೂ ಸಲ್ಲುತ್ತದೆ. ಇದಕ್ಕೆ ಉಂಬ್ರಿಯಾದ ಸ್ಪೊಲೇತೋ–ನೋರ್ಚಾ ಮಾರ್ಗಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಸ್ವಿಸ್ ಇಂಜಿನಿಯರ್ ಎರ್ವಿನ್ ಥೋಮಾನ್ ರೂಪಿಸಿದ ಈ ನ್ಯಾರೋಗೇಜ್ ವಿದ್ಯುತ್ ರೈಲು ಓಡಲು ತೊಡಗಿದ್ದು 1926ರಲ್ಲಿ. 51 ಕಿಲೋಮೀಟರ್ ಉದ್ದದಲ್ಲಿ 19 ಸುರಂಗ, 24 ಸೇತುವೆಗಳು. ಆಲ್ಪ್ಸ್‌ನ ಗೊಟ್ಟಾರ್ಡ್ ಮಾರ್ಗದಂತೆ ತನ್ನ ಮೇಲೆ ತಾನೇ ಸುತ್ತಿಕೊಂಡು ಹತ್ತುವುದರಿಂದ ಅದಕ್ಕೆ ಉಂಬ್ರಿಯಾದ ಗೊಟ್ಟಾರ್ಡ್ ಎಂದೇ ಅಡ್ಡಹೆಸರು. ಅತಿ ಕಡಿದಾದ ಕಡೆಯೂ ಏರು ನೂರಕ್ಕೆ ನಾಲ್ಕೂವರೆ ದಾಟುವುದಿಲ್ಲ. ನೆತ್ತಿಯಲ್ಲಿ ಕಪ್ರರೆಚ್ಚಾ ಸುರಂಗ ಎರಡು ಕಿಲೋಮೀಟರಿಗೆ ತುಸು ಕಡಿಮೆ. ದೀಪವಿಲ್ಲದೆ ಒಳಗೆ ಹೋಗುವಂತಿಲ್ಲ. ಬೇಸಿಗೆಯಲ್ಲೂ ತಣ್ಣನೆ ಗಾಳಿ ಬೆನ್ನಿನ ಬೆವರನ್ನು ಹಿಡಿದು ನಡುಗಿಸುತ್ತದೆ. ಅದರಾಚೆ ದಾರಿ ನೇರಾ ನದಿಯ ಇಕ್ಕಟ್ಟು ಕಣಿವೆಗೆ ಇಳಿಯುತ್ತದೆ.

ರೈಲು ನಿಂತದ್ದು 1968ರಲ್ಲಿ. ಹಳಿ ಕಿತ್ತರು. ಮುಂದಿನ ನಾಲ್ಕು ದಶಕ ಸೇತುವೆಗಳ ಮೇಲೆ ಮುಳ್ಳುಪೊದೆ ಬೆಳೆಯಿತು. ಇಪ್ಪತ್ತೊಂದನೆಯ ಶತಮಾನದಲ್ಲಿ ನಡೆಯುವವರಿಗೂ ತುಳಿಯುವವರಿಗೂ ಅದನ್ನು ಹಂತಹಂತವಾಗಿ ತೆರೆಯುತ್ತ ಬಂದ ಹೊತ್ತಿಗೆ, 2016ರ ಅಕ್ಟೋಬರ್ ಭೂಕಂಪ ನೋರ್ಚಾ ಊರನ್ನೇ ಕೆಡವಿತು. ಕಣಿವೆಯ ಬಂಡೆಗಳು ಉರುಳಿದವು, ದುರಸ್ತಿಯ ಕೆಲಸ ಹೊಸದಾಗಿ ಶುರುವಾಯಿತು. ಇಂಥ ಹಾದಿಗಳ ಬಗ್ಗೆ ಬರೆಯುವವರು ಉದ್ಘಾಟನೆಯ ವರ್ಷವನ್ನು ಹೇಳಿ ಸುಮ್ಮನಾಗುತ್ತಾರೆ. ಬಂಡೆ ತೆಗೆಯುವ, ಸುರಂಗದ ಸೋರಿಕೆ ಕಟ್ಟುವ ಖರ್ಚು ವರ್ಷವರ್ಷವೂ ಇದ್ದದ್ದೇ, ಅದನ್ನು ಹೊರುವುದು ಸಣ್ಣಸಣ್ಣ ಊರುಗಳು.

ಉತ್ತರದ ಪರ್ವತಸೀಮೆಯಲ್ಲಿ ಈ ಕೆಲಸ ಹೆಚ್ಚು ಅಚ್ಚುಕಟ್ಟು. ದೊಬ್ಬಿಯಾಕೋದಿಂದ ಕೊರ್ತಿನಾ ಮೂಲಕ ಕಲಾಲ್ತ್ಸೋಗೆ ಇಳಿಯುತ್ತಿದ್ದ ದೊಲೊಮೈಟ್ ರೈಲು 1956ರ ಚಳಿಗಾಲದ ಒಲಿಂಪಿಕ್ಸ್‌ಗೆ ಜನರನ್ನು ಹೊತ್ತು ತಂದು, 1964ರಲ್ಲಿ ನಿಂತಿತು. ಇಂದು ಅದು ದೇಶದ ಹೆಸರಾಂತ ಸೈಕಲ್ ಹಾದಿಗಳಲ್ಲಿ ಒಂದು. ಸಾಲ್ಜ್‌ಬರ್ಗ್‌ನಿಂದ ಏಡ್ರಿಯಾಟಿಕ್ ದಡದ ಗ್ರಾದೋಗೆ ಸುಮಾರು 410 ಕಿಲೋಮೀಟರ್ ಸಾಗುವ ಆಲ್ಪೆ–ಆದ್ರಿಯಾ ಮಾರ್ಗದ ಇಟಲಿ ಭಾಗಕ್ಕೆ ಮೆರುಗು ಬಂದದ್ದು ಹಳೆಯ ಪೊಂತೆಬ್ಬಾ ರೈಲುದಾರಿಯಿಂದ. ಹೊಸ ಮಾರ್ಗ ಉದ್ದುದ್ದ ಸುರಂಗಗಳೊಳಗೆ ಹೋದಾಗ ಫೆಲ್ಲಾ ನದಿಯ ಮೇಲಿನ ಹಳೇ ಸೇತುವೆಗಳು ಖಾಲಿ ಉಳಿದವು. ಕ್ಯೂಸಫೋರ್ತೆಯ ಹಳೇ ಸ್ಟೇಷನ್ನಿನಲ್ಲಿ ಈಗ ಟಿಕೆಟಿನ ಬದಲು ಕಾಫಿ ಸಿಗುತ್ತದೆ.

ರೈಲಿಗಿಂತಲೂ ಹಿಂದೆ ಇಳಿಜಾರನ್ನು ಅಳೆದು ಪಳಗಿಸಿದವರು ನೀರಿನ ಇಂಜಿನಿಯರುಗಳು. ನನ್ನ ಮಟ್ಟಿಗೆ ಇಟಲಿಯ ಅತ್ಯಂತ ಕುತೂಹಲದ ಸೈಕಲ್ ದಾರಿ ಟಸ್ಕನಿಯ ಅರೆಜ್ಜೋ ಮತ್ತು ಕ್ಯೂಸಿ ನಡುವಿನ 62 ಕಿಲೋಮೀಟರಿನದು. ಕಿಯಾನಾ ನದಿ ಹಿಂದೊಮ್ಮೆ ದಕ್ಷಿಣಕ್ಕೆ ಹರಿದು ಟೈಬರ್ ಸೇರುತ್ತಿತ್ತು. ಇಳಿಜಾರು ತೀರ ಕಡಿಮೆಯಾಗಿ ಕಣಿವೆಯೆಲ್ಲ ಜೌಗಾಯಿತು. 1502ರ ಸುಮಾರಿಗೆ ಲಿಯೊನಾರ್ಡೊ ಡಾ ವಿಂಚಿ ಬರೆದ ಈ ಕಣಿವೆಯ ನಕ್ಷೆಯಲ್ಲಿ ನಡುವೆ ದೊಡ್ಡ ನೀಲಿ ಕೆರೆಯೇ ಇದೆ. ಹದಿನೆಂಟನೆಯ ಶತಮಾನದ ಕೊನೆಯಿಂದ ವಿತ್ತೋರಿಯೋ ಫೊಸ್ಸೊಂಬ್ರೋನಿ ನೇತೃತ್ವದಲ್ಲಿ ಪ್ರವಾಹದ ಹೂಳನ್ನೇ ತಗ್ಗಿಗೆ ತುಂಬಿಸಿ ನೆಲ ಎತ್ತರಿಸಿದರು. ನೀರು ಉತ್ತರಕ್ಕೆ ತಿರುಗಿ ಆರ್ನೋ ಸೇರುವಂತೆ ಮಾಡುವ ಕೆಲಸ ನೆಲೆಗೊಂಡಿತು. ಆ ಮುಖ್ಯ ಕಾಲುವೆಯ ಏರಿಯ ಮೇಲಿನ ನಿರ್ವಹಣಾ ದಾರಿಯೇ ಇಂದಿನ ‘ಸೆಂತಿಯೇರೋ ದೆಲ್ಲಾ ಬೊನಿಫಿಕಾ’. ಹಳೇ ತೂಬು, ಮೊಂತೆಪುಲ್ಚಾನೋ ಮತ್ತು ಕ್ಯೂಸಿಯ ಕೆರೆಗಳು ದಾರಿಯಲ್ಲಿ ಸಿಗುತ್ತವೆ. ಗುಡ್ಡದೂರುಗಳು ಎರಡೂ ಕಡೆ ಕಾಣುತ್ತಲೇ ಇರುತ್ತವೆ, ಆದರೆ ಚಕ್ರ ಮಾತ್ರ ಸಮತಟ್ಟಿನಲ್ಲೇ. ರಾತ್ರಿ ಊಟಕ್ಕೆ ಕೊರ್ತೋನಾ ಬೇಕೆಂದರೆ ಮಾತ್ರ ಮುನ್ನೂರು ಮೀಟರ್ ಮೇಲೆ ಹತ್ತಬೇಕು, ಅದಕ್ಕೆ ಫೊಸ್ಸೊಂಬ್ರೋನಿಯ ಬಳಿಯೂ ಉಪಾಯವಿರಲಿಲ್ಲ.

ದಕ್ಷಿಣದ ಪೂಲ್ಯಾದಲ್ಲಿ ನೀರಿನ ದಾರಿ ಇನ್ನೂ ದೊಡ್ಡದು. ಬಾಯಾರಿದ ಆ ಪ್ರಾಂತಕ್ಕೆ ಅಪೆನೈನ್ ಪರ್ವತದಾಚೆಯ ಕಪೊಸೇಲೆಯ ಬುಗ್ಗೆಗಳಿಂದ ನೀರು ತರುವ ಕೆಲಸ 1906ರಲ್ಲಿ ಶುರುವಾಗಿ, 1915ರಲ್ಲಿ ಬಾರಿ ನಗರಕ್ಕೆ ನೀರು ಮುಟ್ಟಿತು. ಗುರುತ್ವದ ಬಲದಲ್ಲೇ ಹರಿಯುವ ಕಾಲುವೆಯಾದ್ದರಿಂದ ಅದರ ಮೇಲಿನ ದಾರಿಯೂ ಗುಡ್ಡದ ಸೊಂಟ ಹಿಡಿದು ನಯವಾಗಿ ಸಾಗುತ್ತದೆ. ಇತ್ರಿಯಾ ಕಣಿವೆಯಲ್ಲಿ, ಚಿಸ್ತೆರ್ನೀನೋ ಕಡೆ, ಶಂಕುವಿನ ಮಾಡಿನ ತ್ರುಲ್ಲೋ ಮನೆಗಳು, ಒಣಕಲ್ಲಿನ ಗೋಡೆಗಳ ನಡುವೆ ಇದರ ತುಂಡೊಂದನ್ನು ಜಲ್ಲಿ ಹಾಕಿ ಸೈಕಲ್ಲಿಗೆ ಬಿಟ್ಟಿದ್ದಾರೆ. ಮೂರು ಪ್ರಾಂತಗಳಲ್ಲಿ ಸುಮಾರು 500 ಕಿಲೋಮೀಟರಿನ ಪೂರ್ಣ ಹಾದಿಯ ಯೋಜನೆ ಇದೆ. ಯೋಜನೆಯ ಗೆರೆಗೂ ನೆಲದ ಮೇಲಿನ ದಾರಿಗೂ ಅಂತರ ಬಹಳ.

ಮೂರನೆಯ ಬಗೆಯದು ರೈತರ ದಾರಿ. ಟಸ್ಕನಿಯ ಕಿಯಾಂತಿಯಲ್ಲಿ, ಸಿಯೆನಾದ ದಕ್ಷಿಣದ ಜೇಡಿದಿಬ್ಬಗಳಲ್ಲಿ ಡಾಂಬರು ಕಾಣದ ಬಿಳಿಗಲ್ಲಿನ ರಸ್ತೆಗಳು ತೋಟದಿಂದ ತೋಟಕ್ಕೆ ಹೋಗುತ್ತವೆ. ಇವುಗಳಿಗೂ ಡಾಂಬರು ಬರುವ ಕಾಲ ಹತ್ತಿರವಾದಾಗ ಜಾಂಕಾರ್ಲೋ ಬ್ರೋಚ್ಚಿ ಎಂಬವರು 1997ರಲ್ಲಿ ಗಯೋಲೆ ಊರಿನಿಂದ ‘ಲೆರೋಯಿಕಾ’ ಎಂಬ ಸವಾರಿ ಹೊರಡಿಸಿದರು. ಹಳೇ ಸೈಕಲ್ಲು, ಉಣ್ಣೆಯ ಅಂಗಿ, ಮೊದಲ ವರ್ಷ ಸೇರಿದವರು 92. ಮೋಜಿನಂತೆ ಕಂಡರೂ ಉದ್ದೇಶ ಗಟ್ಟಿ: ಮಣ್ಣುರಸ್ತೆಗೆ ಬೆಲೆ ಬಂದರೆ ಯಾರೂ ಅದರ ಮೇಲೆ ಡಾಂಬರು ಸುರಿಯುವುದಿಲ್ಲ. 2007ರಲ್ಲಿ ಅದರಿಂದಲೇ ಹುಟ್ಟಿದ ವೃತ್ತಿಪರ ಓಟ ಇಂದು ‘ಸ್ತ್ರಾದೆ ಬಿಯಾಂಕೆ’ ಎಂದು ಜಗತ್ಪ್ರಸಿದ್ಧ. ಹಿಂದುಳಿದಿರುವಿಕೆಯ ಗುರುತಾಗಿದ್ದ ಧೂಳು ಪ್ರಾಂತದ ಹೆಮ್ಮೆಯಾಯಿತು. ಆದರೆ ಈ ರಸ್ತೆಗಳು ಗುಡ್ಡವನ್ನು ಬಳಸುವುದಿಲ್ಲ, ನೇರ ಹತ್ತುತ್ತವೆ. ಸಡಿಲ ಜಲ್ಲಿಯಲ್ಲಿ ಹಿಂದಿನ ಚಕ್ರ ಸುತ್ತುತ್ತದೆ, ಮುಂದೆ ಹೋಗುವುದಿಲ್ಲ. ಮೊದಲ ಬಾರಿ ಹೋಗುವವರಿಗೆ ನಾನಿದನ್ನು ಹೇಳುವುದಿಲ್ಲ, ಕಾಲುವೆ ಏರಿಯನ್ನೇ ಹೇಳುತ್ತೇನೆ.

ಚದುರಿದ ಈ ತುಂಡುಗಳನ್ನು ಜೋಡಿಸುವ ಮಾತು ಶುರುವಾದದ್ದು ತಡವಾಗಿ. 1980ರ ದಶಕದ ಕೊನೆಯಲ್ಲಿ ಸೈಕಲ್ ಪ್ರೇಮಿಗಳ ಒಕ್ಕೂಟ ‘ಫಿಯಾಬ್’ ರೂಪುಗೊಂಡು, ಮುಂದೆ ಇಡೀ ದೇಶಕ್ಕೆ ‘ಬಿಚಿತಾಲಿಯಾ’ ಎಂಬ ಜಾಲದ ಕಲ್ಪನೆ ಮುಂದಿಟ್ಟಿತು. 1998ರಲ್ಲಿ ಸೈಕಲ್ ಸಂಚಾರಕ್ಕೆ ಹಣ ಕೊಡುವ ಕಾನೂನು ಬಂತು. 2018ರ ಜನವರಿಯ ಇನ್ನೊಂದು ಕಾನೂನು ರಾಷ್ಟ್ರೀಯ ಜಾಲವನ್ನು ಸರ್ಕಾರದ ಹೊಣೆಯಾಗಿಸಿತು. ಅದರಲ್ಲಿ ನನಗೆ ಹಿಡಿಸಿದ್ದು ಅದರ ಲೆಕ್ಕ. ವರ್ಷದ ಸರಾಸರಿಯಲ್ಲಿ ದಿನಕ್ಕೆ 50ಕ್ಕಿಂತ ಕಡಿಮೆ ಮೋಟಾರು ವಾಹನ ಓಡುವ ರಸ್ತೆ ‘ವಾಹನರಹಿತ’. 500ಕ್ಕಿಂತ ಕಡಿಮೆಯಿದ್ದು, ಯಾವ ಗಂಟೆಯಲ್ಲೂ 50 ದಾಟದಿದ್ದರೆ ‘ಕಡಿಮೆ ಸಂಚಾರದ’ ರಸ್ತೆ. ಹೊಸ ಹಾದಿ ಕಟ್ಟದೆ ಇರುವ ರಸ್ತೆಯನ್ನೇ ಜಾಲಕ್ಕೆ ಸೇರಿಸಲು ಇದು ಬಾಗಿಲು ತೆರೆಯಿತು. ಕೋವಿಡ್ ನಂತರದ ಪುನಶ್ಚೇತನ ಯೋಜನೆಯಲ್ಲಿ ಸೈಕಲ್ ಹಾದಿಗಳಿಗೆ 60 ಕೋಟಿ ಯೂರೋ ತೆಗೆದಿಟ್ಟದ್ದೂ ಸಣ್ಣ ಮಾತಲ್ಲ. ಆದರೂ ಪ್ರಾಂತದ ಗಡಿ ಬಂದಲ್ಲಿ ಹಾದಿ ಮುಗಿದು ಸವಾರ ಹೆದ್ದಾರಿಗೆ ಬೀಳುವ ಅನುಭವ ಇನ್ನೂ ಸಾಮಾನ್ಯ.

ಸತ್ತ ರೈಲೆಲ್ಲ ಸೈಕಲ್ ಹಾದಿಯಾಗಬೇಕೆಂದೂ ಇಲ್ಲ. ಆಲ್ಪ್ಸ್‌ನ ವೆನೋಸ್ತಾ ಕಣಿವೆಯಲ್ಲಿ 1990ರಲ್ಲಿ ನಿಂತ ಮೆರಾನೋ–ಮಾಲ್ಲೆಸ್ ರೈಲನ್ನು 2005ರಲ್ಲಿ ಮತ್ತೆ ಓಡಿಸಿದರು. ಸೈಕಲ್ ಹಾದಿ ಅದರ ಆಸುಪಾಸಿನಲ್ಲೇ, ಸೇಬಿನ ತೋಟಗಳ ನಡುವೆ ಇದೆ. ಜನ ರೈಲಿನಲ್ಲಿ ಮೇಲೆ ಹೋಗಿ, ಬಾಡಿಗೆ ಸೈಕಲ್ ಪಡೆದು, ಇಳಿಜಾರಿನಲ್ಲಿ ಕೆಳಗೆ ಬರುತ್ತಾರೆ. ಮಕ್ಕಳು, ಮುದುಕರು ಎಲ್ಲರಿಗೂ ಸಾಧ್ಯ.

ಇತ್ತೀಚಿನ ತಿರುವು ಬ್ಯಾಟರಿಯದು. ಯುರೋಪಿನ ನಿಯಮದಂತೆ 250 ವ್ಯಾಟಿನ ಮೋಟಾರು, ಗಂಟೆಗೆ 25 ಕಿಲೋಮೀಟರ್ ಮುಟ್ಟುತ್ತಲೇ ನೆರವು ನಿಲ್ಲುತ್ತದೆ. ಇಷ್ಟು ಸಣ್ಣ ಸಹಾಯ ಹಳೆಯ ಲೆಕ್ಕಾಚಾರವನ್ನೇ ತಿರುವಿಹಾಕಿದೆ. ಏರಿನ ಭಯ ತಗ್ಗಿದ ಮೇಲೆ ರೈಲಿನ, ಕಾಲುವೆಯ ಆಸರೆ ಬೇಕೇ ಬೇಕೆಂದಿಲ್ಲ. ದಿಣ್ಣೆಯ ಬೆನ್ನಿನ ನಿರ್ಜನ ರಸ್ತೆಗಳಿಗೆ ಮತ್ತೆ ಬೆಲೆ ಬಂದಿದೆ. ಕಲಾಬ್ರಿಯಾ ಪ್ರಾಂತ ಇದನ್ನು ಬೇಗ ಅರಿತುಕೊಂಡಿತು. ಪೊಲ್ಲೀನೋ, ಸೀಲಾ, ಸೆರ್ರೆ, ಅಸ್ಪ್ರೊಮೊಂತೆ ಪರ್ವತಗಳ ಮೇಲಿನ ಹಳೇ ರಸ್ತೆಗಳನ್ನು ಫಲಕ ನೆಟ್ಟು ಹೊಲಿದು ಮಾಡಿದ ಅದರ ‘ಉದ್ಯಾನಗಳ ಹಾದಿ’ 545 ಕಿಲೋಮೀಟರ್ ಉದ್ದವಿದೆ. ನಿಜವಾದ ವಾಹನರಹಿತ ಹಾದಿ ಇದಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಜನವೇ ವಿರಳವಾದ ಆ ಕಾಡುಗಳಲ್ಲಿ ಆಕ್ಷೇಪಕ್ಕೆ ಹೆಚ್ಚು ಬಲವಿಲ್ಲ ಎಂದು ನನಗನ್ನಿಸುತ್ತದೆ. ಬೊಲೋನ್ಯಾ–ಫ್ಲಾರೆನ್ಸ್ ನಡುವಿನ ಫೂತಾ ಘಾಟಿಯಲ್ಲಿ ಮಾತ್ರ ಆಕ್ಷೇಪ ಸರಿಯೇ. 1960ರಲ್ಲಿ ಸೂರ್ಯ ಹೆದ್ದಾರಿಯ ಈ ಭಾಗ ತೆರೆದಾಗ ಲಾರಿಗಳು ಘಾಟಿಯನ್ನು ಬಿಟ್ಟುಹೋದವು. ವಾರದ ದಿನಗಳಲ್ಲಿ ಅದು ಸೈಕಲ್ಲಿಗೆ ಹೇಳಿ ಮಾಡಿಸಿದ ರಸ್ತೆ. ರಜೆಯ ದಿನ ಬಂತೆಂದರೆ ಮೋಟಾರ್‌ಬೈಕುಗಳು ತಿರುವು ತಿರುವಿನಲ್ಲೂ ಮೊರೆಯುತ್ತವೆ, ವರ್ಷದ ಸರಾಸರಿ ಎಷ್ಟೇ ಇರಲಿ.