ಮಕ್‌ರೇಕರ್: ಬೈಗುಳ ಬಿರುದಾದ ಬಗೆ

ಅಮೆರಿಕದ ಪತ್ರಿಕಾರಂಗದಲ್ಲಿ ‘ಮಕ್‌ರೇಕರ್’ ಎಂದರೆ ಹಣವಂತರು, ಅಧಿಕಾರಸ್ಥರು ಮುಚ್ಚಿಟ್ಟ ಹುಳುಕನ್ನು ದಾಖಲೆ ಸಮೇತ ಬಯಲಿಗೆಳೆಯುವ ವರದಿಗಾರ. ಪದದ ಮೂಲ ಮಾತ್ರ ಕೊಟ್ಟಿಗೆಯಲ್ಲಿದೆ. ‘ಮಕ್’ ಎಂದರೆ ಸಗಣಿ, ಹೊಲಸು. ‘ರೇಕ್’ ಅದನ್ನೆಳೆದು ಗುಡ್ಡೆ ಹಾಕುವ, ತುದಿಗೆ ಹಲ್ಲುಗಳಿರುವ ಉದ್ದ ಕೋಲು.

ಈ ಕೋಲಿಗೆ ನೀತಿಯ ಅರ್ಥ ಕೊಟ್ಟವರು ಜಾನ್ ಬನಿಯನ್. 1684ರಲ್ಲಿ ಬಂದ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಎರಡನೇ ಭಾಗದಲ್ಲಿ ಅದನ್ನು ಹಿಡಿದ ಒಬ್ಬ ಮನುಷ್ಯನಿದ್ದಾನೆ. ಅವನ ತಲೆಯ ಮೇಲೆ ಸ್ವರ್ಗದ ಕಿರೀಟ ಹಿಡಿದು ಒಬ್ಬರು ನಿಂತಿದ್ದಾರೆ. ಕೋಲು ಕೊಟ್ಟರೆ ಕಿರೀಟ ಕೊಡುತ್ತಾರೆ. ಅವನು ಕತ್ತೆತ್ತುವುದೇ ಇಲ್ಲ. ಹುಲ್ಲು, ಕಡ್ಡಿ, ದೂಳು ಬಾಚಿಕೊಳ್ಳುತ್ತಲೇ ಇರುತ್ತಾನೆ. ಬನಿಯನ್‌ರಿಗೆ ಅವನು ಲೌಕಿಕದ ಆಸೆಯಲ್ಲಿ ಮುಳುಗಿದವನು.

1906ರ ಏಪ್ರಿಲ್ 14ರಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವನನ್ನು ರಾಜಕೀಯಕ್ಕೆ ಕರೆತಂದರು. ವಾಷಿಂಗ್ಟನ್‌ನಲ್ಲಿ ಪ್ರತಿನಿಧಿ ಸಭೆಯ ಕಚೇರಿ ಕಟ್ಟಡದ ಶಂಕುಸ್ಥಾಪನೆ. ಸೆನೆಟರುಗಳು ದೊಡ್ಡ ಉದ್ಯಮಗಳ ಕೈಗೊಂಬೆಗಳೆಂದು ಡೇವಿಡ್ ಗ್ರಹಾಂ ಫಿಲಿಪ್ಸ್ ‘ಕಾಸ್ಮೊಪಾಲಿಟನ್’ನಲ್ಲಿ ಬರೆಯುತ್ತಿದ್ದ ಲೇಖನಮಾಲೆ ರೂಸ್‌ವೆಲ್ಟರನ್ನು ಕೆರಳಿಸಿತ್ತು. ಕೊಳಕಲ್ಲದೆ ಬೇರೇನನ್ನೂ ಕಾಣದ ಬರಹಗಾರ ಆ ಕೋಲಿನವನಂತೆ ಎಂದರು. ಸತ್ಯಕ್ಕೆ ಅಂಟಿಕೊಂಡು ಕಟುವಾಗಿ ಟೀಕಿಸುವವನು ಸಮಾಜಕ್ಕೆ ಉಪಕಾರಿ ಎಂದು ಅದೇ ಭಾಷಣದಲ್ಲಿ ಹೇಳಿದ್ದರು. ಜನರ ಬಾಯಲ್ಲಿ ನಿಂತದ್ದು ಬೈಗುಳ.

ಆ ಬೈಗುಳಕ್ಕೆ ಗೌರವ ತಂದುಕೊಟ್ಟದ್ದು ವರದಿಗಾರರ ದುಡಿಮೆ. ಐಡಾ ಟಾರ್ಬೆಲ್ ನ್ಯಾಯಾಲಯದ ಕಡತ, ಕಾಂಗ್ರೆಸ್ಸಿನ ವಿಚಾರಣೆಯ ದಾಖಲೆಗಳನ್ನು ಜಾಲಾಡಿ, ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ರೈಲ್ವೆಗಳಿಂದ ಗುಟ್ಟಾಗಿ ಸಾಗಣೆ ರಿಯಾಯಿತಿ ಪಡೆದು ಪ್ರತಿಸ್ಪರ್ಧಿಗಳನ್ನು ಮುಗಿಸಿದ್ದನ್ನು 1902ರಿಂದ ‘ಮೆಕ್‌ಕ್ಲೂರ್ಸ್’ ಮಾಸಿಕದಲ್ಲಿ ಕಂತು ಕಂತಾಗಿ ತೋರಿಸಿದ್ದರು. 1911ರಲ್ಲಿ ಸುಪ್ರೀಂ ಕೋರ್ಟು ಆ ಕಂಪನಿಯನ್ನು ಒಡೆಯಲು ಆಜ್ಞಾಪಿಸಿತು. ಷಿಕಾಗೋದ ಮಾಂಸದ ಕಾರ್ಖಾನೆಗಳ ಕುರಿತ ಅಪ್ಟನ್ ಸಿಂಕ್ಲೇರ್ ಕಾದಂಬರಿ ಎಬ್ಬಿಸಿದ ಆಕ್ರೋಶದ ನಡುವೆ, 1906ರ ಜೂನ್ 30ರಂದು ಆಹಾರ ಶುದ್ಧತೆ ಹಾಗೂ ಮಾಂಸ ತಪಾಸಣೆಯ ಕಾಯಿದೆಗಳಿಗೆ ರೂಸ್‌ವೆಲ್ಟರೇ ಸಹಿ ಹಾಕಿದರು. ಫಿಲಿಪ್ಸ್ ಲೇಖನಗಳ ಗುರಿಯಾಗಿದ್ದ ಸೆನೆಟ್ಟೂ ಬದಲಾಯಿತು: ಅಲ್ಲಿಯವರೆಗೆ ರಾಜ್ಯ ಶಾಸನಸಭೆಗಳು ಆರಿಸುತ್ತಿದ್ದ ಸೆನೆಟರುಗಳನ್ನು ಜನರೇ ಆರಿಸುವ ಸಂವಿಧಾನ ತಿದ್ದುಪಡಿ 1913ರಲ್ಲಿ ಬಂತು.

1979ರ ಹೊತ್ತಿಗೆ ಜೆಸಿಕಾ ಮಿಟ್‌ಫರ್ಡ್ ತಮ್ಮ ತನಿಖಾ ಬರಹಗಳ ಸಂಕಲನದ ಹೆಸರಿನಲ್ಲೇ ಈ ಪದವನ್ನು ಹೆಮ್ಮೆಯಿಂದ ಬಳಸಿದರು. ಅಧಿಕಾರದಲ್ಲಿರುವವರು ಪತ್ರಕರ್ತರಿಗೆ ಅಡ್ಡಹೆಸರು ಇಡುವುದು ಇನ್ನೂ ನಿಂತಿಲ್ಲ. ಆ ಹೆಸರು ಕಳಂಕವಾಗುವುದೋ ಗೌರವವಾಗುವುದೋ ಬರಹದ ಕೈಯಲ್ಲಿದೆ. ಅದಕ್ಕೆ ರೂಸ್‌ವೆಲ್ಟ್ ಅಂದು ಹಾಕಿದ ಷರತ್ತು ಈಗಲೂ ಸರಿ: ಬರೆದದ್ದು ನಿಜವಾಗಿರಬೇಕು. ಅದಿಲ್ಲದ ಬರಹಕ್ಕೆ ಈ ಬಿರುದು ಸಲ್ಲದು.