ಕಸಿಯಲ್ಲದ ಕಸಿ

2017ರ ಮೇ 18ರಂದು ಪುಣೆಯ ಗ್ಯಾಲಕ್ಸಿ ಕೇರ್ ಆಸ್ಪತ್ರೆಯಲ್ಲಿ ಡಾ. ಶೈಲೇಶ್ ಪುಣತಾಂಬೇಕರ್ ಅವರ ತಂಡ ಒಬ್ಬ ತಾಯಿಯ ಗರ್ಭಕೋಶವನ್ನು ತೆಗೆದು ಆಕೆಯ ಮಗಳಿಗೆ ಜೋಡಿಸಿತು. ಭಾರತದಲ್ಲಿ ಅಂಥದ್ದು ನಡೆದದ್ದು ಅದೇ ಮೊದಲು. ಮರುದಿನ ಇನ್ನೊಂದು ತಾಯಿ-ಮಗಳ ಜೋಡಿಗೂ ಅದೇ ಶಸ್ತ್ರಚಿಕಿತ್ಸೆಯಾಯಿತು. ಈ ಎರಡನೆಯ ಮಗಳು 2018ರ ಅಕ್ಟೋಬರ್ 18ರಂದು, ದಿನ ತುಂಬುವ ಮೊದಲೇ, ಸಿಸೇರಿಯನ್ ಮೂಲಕ ಹೆಣ್ಣುಮಗುವನ್ನು ಹೆತ್ತರು. ಕೂಸಿನ ತೂಕ 1,450 ಗ್ರಾಂ. ತಾಯಿ ಬೆಳೆದ ಗರ್ಭಕೋಶದಲ್ಲೇ ಮಗಳೂ ಬೆಳೆದಳು ಎಂಬ ಬೆರಗಿನ ಸಂಗತಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು.

ಪತ್ರಿಕೆಗಳು ಹೆಚ್ಚು ಬರೆಯದೆ ಬಿಟ್ಟದ್ದು ಮಾತ್ರೆಗಳ ವಿಚಾರ. ಹೆತ್ತ ತಾಯಿಯದೇ ಆದರೂ ಗರ್ಭಕೋಶ ಮಗಳ ದೇಹಕ್ಕೆ ಪರಕೀಯ. ಅದನ್ನು ಉಳಿಸಿಕೊಳ್ಳಬೇಕಾದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳನ್ನು ಬಿಡದೆ ನುಂಗಬೇಕು. ಮೂತ್ರಪಿಂಡದ ಕಸಿಯಾದವರಿಗೆ ಕೊಡುವ ಟ್ಯಾಕ್ರೊಲಿಮಸ್ ಇಂಥ ಕಸಿಗಳಲ್ಲೂ ಮುಖ್ಯ ಮದ್ದು. ರಕ್ತದಲ್ಲಿ ಅದರ ಪ್ರಮಾಣವನ್ನು ಆಗಾಗ ಅಳೆಯಬೇಕು, ಮೂತ್ರಪಿಂಡದ ಮೇಲೆ ಕಣ್ಣಿಟ್ಟಿರಬೇಕು, ಸೋಂಕಿಗೆ ಹೆದರಬೇಕು. ಅದಕ್ಕೇ ಒಂದೆರಡು ಹೆರಿಗೆಯ ನಂತರ ಕಸಿಯ ಗರ್ಭಕೋಶವನ್ನು ತೆಗೆದುಬಿಡುವುದು ರೂಢಿ. 2014ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಮ್ಯಾಟ್ಸ್ ಬ್ರೆನ್‌ಸ್ಟ್ರೋಮ್ ಅವರ ತಂಡದ ಆರೈಕೆಯಲ್ಲಿ ಇಂಥ ಮೊದಲ ಮಗು ಹುಟ್ಟಿದಾಗಲೂ ಲೆಕ್ಕಾಚಾರ ಇದೇ ಆಗಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಆ ಮಾತ್ರೆಗಳೆಲ್ಲ ಗರ್ಭಕೋಶಕ್ಕಾಗಿ, ಭ್ರೂಣಕ್ಕಾಗಿ ಅಲ್ಲ. ಭ್ರೂಣವೂ ಅರ್ಧ ಪರಕೀಯವೇ, ತಂದೆಯ ಪಾಲು ಅದರಲ್ಲಿದೆ. ಆದರೂ ಲೋಕದ ಕೋಟ್ಯಂತರ ತಾಯಂದಿರ ಒಡಲಲ್ಲಿ ಅದು ಯಾವ ಮಾತ್ರೆಯ ಹಂಗೂ ಇಲ್ಲದೆ ಒಂಬತ್ತು ತಿಂಗಳು ಇರುತ್ತದೆ.

ಇದು ಹೇಗೆ ಎಂದು 1953ರಲ್ಲಿ ಕೇಳಿದವರು ಬ್ರಿಟನ್ನಿನ ಪೀಟರ್ ಮೆಡಾವರ್. ಎರಡನೆಯ ಮಹಾಯುದ್ಧದಲ್ಲಿ ಸುಟ್ಟುಕೊಂಡವರಿಗೆ ಬೇರೆಯವರ ಚರ್ಮ ಹಚ್ಚಿದರೆ ಏಕೆ ಉದುರುತ್ತದೆ ಎಂದು ಹುಡುಕುತ್ತ ಹೋದವರು ಅವರು. 1960ರ ನೊಬೆಲ್ ಪ್ರಶಸ್ತಿಯನ್ನು ಬರ್ನೆಟ್ ಜೊತೆ ಹಂಚಿಕೊಂಡರು. ಅವರ ಕಣ್ಣಿಗೆ ಬಸಿರು ಕೂಡ ಒಂದು ಕಸಿಯಾಗಿ ಕಂಡಿತು, ಉದುರಬೇಕಾಗಿದ್ದೂ ಉದುರದ ಕಸಿ. ತಾಯಿ-ಮಗುವಿನ ಅಂಗಾಂಶಗಳು ಬೇರೆಬೇರೆಯಾಗಿ ಇರುವುದರಿಂದಲೋ, ಭ್ರೂಣ ಇನ್ನೂ ಎಳೆಯದಾಗಿರುವುದರಿಂದಲೋ, ತಾಯಿಯ ರೋಗನಿರೋಧಕ ವ್ಯವಸ್ಥೆ ಮಂಕಾಗುವುದರಿಂದಲೋ ಹೀಗಾಗಬಹುದು ಎಂದು ಮೂರು ಊಹೆಗಳನ್ನು ಮುಂದಿಟ್ಟರು.

ಪ್ರಶ್ನೆ ಒಳ್ಳೆಯದೇ. ಆದರೆ ಜೊತೆಗೆ ಬಂದ ರೂಪಕ ಜಿಗುಟಿನದು. ಕನ್ನಡದಲ್ಲಿ ಮಾವಿನ ಕೊಂಬೆ ಕಟ್ಟುವುದಕ್ಕೂ ಕಿಡ್ನಿ ಜೋಡಿಸುವುದಕ್ಕೂ ‘ಕಸಿ’ ಎಂಬ ಒಂದೇ ಮಾತು. ಗದ್ದೆಯಲ್ಲಿ ಸಸಿ ಊರುವುದಕ್ಕೆ ಮಾತ್ರ ‘ನಾಟಿ’ ಎನ್ನುತ್ತೇವೆ. ನಾಟಿ ಮಾಡಿದ ಸಸಿ ಬೇರೂರುವುದು ಮಣ್ಣು, ನೀರು ಮತ್ತು ಸಸಿ ಮೂರರ ಹೊಂದಾಣಿಕೆಯಿಂದ. ಮೆಡಾವರ್ ನಂತರದ ವೈದ್ಯರು ಬಸಿರನ್ನು ನಾಟಿಯಾಗಿ ನೋಡಲಿಲ್ಲ, ಕಸಿಯಾಗಿಯೇ ನೋಡಿದರು. ಕಸಿ ಎಂದಮೇಲೆ ‘ತಿರಸ್ಕಾರ’ವೂ ಬರುತ್ತದೆ. ಐವಿಎಫ್‌ನಲ್ಲಿ ಭ್ರೂಣ ಮತ್ತೆಮತ್ತೆ ನಿಲ್ಲದೆ ಹೋದವಳಿಗೆ ‘ನಿನ್ನ ದೇಹವೇ ತಿರಸ್ಕರಿಸುತ್ತಿದೆ’ ಎಂಬ ಮಾತು ಹೀಗೆ ಸಿದ್ಧವಾಯಿತು. ಇದಕ್ಕಿಂತ ಕ್ರೂರವಾದ ಮಾತನ್ನು ಹುಡುಕುವುದು ಕಷ್ಟ.

ಮೊದಲು ಪ್ರಯೋಗ ನಡೆದದ್ದು ಪದೇಪದೇ ಗರ್ಭಪಾತವಾಗುವವರ ಮೇಲೆ. ಗಂಡನ ರಕ್ತದ ಬಿಳಿಕಣಗಳನ್ನು ಬೇರ್ಪಡಿಸಿ ಹೆಂಡತಿಗೆ ಚುಚ್ಚಿದರೆ ಆಕೆಯ ದೇಹ ಆ ‘ಪರಕೀಯತೆ’ಗೆ ಒಗ್ಗಿಕೊಳ್ಳುತ್ತದೆ ಎಂಬುದು ತರ್ಕ. 1985ರಲ್ಲಿ ಲಂಡನ್ನಿನ ಮೋಬ್ರೆ ತಂಡ ‘ಲ್ಯಾನ್ಸೆಟ್’ನಲ್ಲಿ ಉತ್ಸಾಹದ ಫಲಿತಾಂಶ ಪ್ರಕಟಿಸಿದ ಮೇಲೆ ಈ ಚುಚ್ಚುಮದ್ದು ಹಲವು ದೇಶಗಳಿಗೆ ಹಬ್ಬಿತು. ಭಾರತದಲ್ಲಿ ಲಖನೌ, ಮುಂಬೈಗಳ ಸಂಶೋಧಕರೂ ಕೈಹಚ್ಚಿದರು. 1999ರಲ್ಲಿ ಕ್ಯಾರೊಲ್ ಓಬರ್ ಮತ್ತು ಸಂಗಡಿಗರು ಅದೇ ಪತ್ರಿಕೆಯಲ್ಲಿ ದೊಡ್ಡ ಪರೀಕ್ಷೆಯೊಂದರ ಲೆಕ್ಕ ಕೊಟ್ಟರು. ಗಂಡನ ಬಿಳಿಕಣ ಪಡೆದವರಲ್ಲಿ ಬಸಿರು ನಿಂತದ್ದು ಶೇ. 36ರಷ್ಟು ಮಂದಿಗೆ. ಬರೀ ಉಪ್ಪುನೀರಿನ ಚುಚ್ಚುಮದ್ದು ಪಡೆದವರಲ್ಲಿ ಶೇ. 48. 2002ರಲ್ಲಿ ಅಮೆರಿಕದ ಎಫ್‌ಡಿಎ, ತನ್ನ ಅನುಮತಿ ಪಡೆದ ಸಂಶೋಧನೆಯ ಹೊರಗೆ ಇದನ್ನು ಕೊಡಕೂಡದು ಎಂದಿತು.

ಅಷ್ಟು ಹೊತ್ತಿಗೆ ಇನ್ನೊಂದು ಹೆಸರು ಚಲಾವಣೆಗೆ ಬಂದಿತ್ತು: ನ್ಯಾಚುರಲ್ ಕಿಲ್ಲರ್ ಕಣ. ಕ್ಯಾನ್ಸರ್ ಕಣಗಳನ್ನು ಕೊಲ್ಲುವುದನ್ನು ಪ್ರಯೋಗಾಲಯದಲ್ಲಿ ನೋಡಿ ಇಟ್ಟ ಹೆಸರದು. ಬಸಿರಿನ ಆರಂಭದಲ್ಲಿ ಗರ್ಭಕೋಶದ ಒಳಪದರದ ಬಿಳಿಕಣಗಳಲ್ಲಿ ಸುಮಾರು ಶೇ. 70 ಇದೇ ಕುಲದವು. ಕೊಲೆಗಾರರು ಅಷ್ಟೊಂದು ಇದ್ದಾರೆಂದರೆ ಯಾರಿಗೆ ಭಯವಾಗದು? ಕೇಂಬ್ರಿಜ್‌ನ ಆಶ್ಲಿ ಮಾಫೆಟ್ ದಶಕಗಳ ಕಾಲ ತೋರಿಸಿದ್ದು ಬೇರೆಯದೇ ಚಿತ್ರ. ಗರ್ಭಕೋಶದ ಈ ಕಣಗಳು ಭ್ರೂಣವನ್ನು ಕೊಲ್ಲುವುದಿಲ್ಲ. ತಾಯಿಯ ರಕ್ತನಾಳಗಳನ್ನು ಹಿಗ್ಗಿಸಿ ಮಾಸಿಗೆ ರಕ್ತ ಹರಿಯುವಂತೆ ಮಾಡುವ ಕೆಲಸದಲ್ಲಿ ಕೈಜೋಡಿಸುತ್ತವೆ. ಇನ್ನು ತೋಳಿನಿಂದ ತೆಗೆದ ರಕ್ತದಲ್ಲಿ ಇವನ್ನು ಎಣಿಸಿದರೆ ಗರ್ಭಕೋಶದ ಒಳಗಿನ ಸುದ್ದಿ ತಿಳಿಯುವುದಿಲ್ಲ, ಅಲ್ಲಿರುವ ಕಣಗಳ ಬಗೆಯೇ ಬೇರೆ. 2004ರಲ್ಲಿ ಮಾಫೆಟ್, ರೀಗನ್ ಮತ್ತು ಬ್ರೌಡ್ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಇದನ್ನು ಬರೆದು ಎಚ್ಚರಿಸಿದರು. ಪರೀಕ್ಷೆ ನಿಲ್ಲಲಿಲ್ಲ. ಹೆಸರು ಅಷ್ಟು ಗಟ್ಟಿ.

ಈ ಕಣಗಳನ್ನು ತಣಿಸಲೆಂದು ಕೊಡುವವುಗಳಲ್ಲಿ ಇಂಟ್ರಾಲಿಪಿಡ್ ಒಂದು. ಸೋಯಾ ಎಣ್ಣೆಯನ್ನು ಮೊಟ್ಟೆಯ ಹಳದಿಯ ಕೊಬ್ಬಿನಂಶದೊಡನೆ ಕದಡಿದ, ಹಾಲಿನಂತೆ ಕಾಣುವ ದ್ರವ. 1960ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಆರ್ವಿಡ್ ವ್ರೆಟ್‌ಲಿಂಡ್ ಇದನ್ನು ತಯಾರಿಸಿದ್ದು ಬಾಯಿಂದ ಉಣ್ಣಲಾಗದ ರೋಗಿಗಳಿಗೆ ರಕ್ತನಾಳದ ಮೂಲಕ ಪೋಷಣೆ ಕೊಡಲು. ಜಪಾನಿನಲ್ಲಿ ಪುಣೆಯ ಕಸಿಯ ಹೊತ್ತಿಗಾಗಲೇ ಟ್ಯಾಕ್ರೊಲಿಮಸನ್ನೇ ಕೊಟ್ಟು ನೋಡಿದ್ದರು. 2015ರ ಆ ಅಧ್ಯಯನ ಚಿಕ್ಕದು, ಯಾರಿಗೆ ಮದ್ದು ಯಾರಿಗೆ ಇಲ್ಲ ಎಂದು ಚೀಟಿ ಎತ್ತಿ ಹಂಚಿದ್ದೂ ಅಲ್ಲ. ತಾಯಿಯ ಗರ್ಭಕೋಶ ಹೊತ್ತವಳಿಗೆ ಅನಿವಾರ್ಯವಾದ ಮದ್ದು, ಸ್ವಂತ ಗರ್ಭಕೋಶ ಇರುವವಳಿಗೂ ಬರೀ ರೂಪಕದ ದಾರಿ ಹಿಡಿದು ತಲುಪಿತು.

ಗಟ್ಟಿಯಾದ ಉತ್ತರ ಬಂದದ್ದು ಸ್ಟಿರಾಯ್ಡ್ ಬಗ್ಗೆ. ಚೀನಾದ ವೈದ್ಯರು ಎರಡು ಅಥವಾ ಹೆಚ್ಚು ಸಲ ಭ್ರೂಣ ನಿಲ್ಲದೆ ಹೋದ 715 ಮಹಿಳೆಯರನ್ನು ಎರಡು ಗುಂಪಾಗಿ ಹಂಚಿ, ಒಂದಕ್ಕೆ ದಿನಕ್ಕೆ 10 ಮಿಲಿಗ್ರಾಂ ಪ್ರೆಡ್ನಿಸೋನ್, ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿ ಮಾತ್ರೆ ಕೊಟ್ಟರು. 2023ರಲ್ಲಿ ‘ಜಾಮಾ’ದಲ್ಲಿ ಬಂದ ಫಲಿತಾಂಶ: ಪ್ರೆಡ್ನಿಸೋನ್ ಗುಂಪಿನಲ್ಲಿ ಶೇ. 37.8 ಮಂದಿಗೆ ಮಗುವಾಯಿತು, ಹುಸಿ ಮಾತ್ರೆಯ ಗುಂಪಿನಲ್ಲಿ ಶೇ. 38.8. ಪ್ರೆಡ್ನಿಸೋನ್ ತೆಗೆದುಕೊಂಡವರಲ್ಲಿ ಅವಧಿಪೂರ್ವ ಹೆರಿಗೆ ಹೆಚ್ಚು, ರಕ್ತಪರೀಕ್ಷೆಯಲ್ಲಿ ಕಂಡು ಕೂಡಲೇ ಇಲ್ಲವಾದ ಬಸಿರುಗಳೂ ಹೆಚ್ಚು.

ಈ ಅಂಕಿಗಳಲ್ಲಿ ಎರಡನೆಯದನ್ನು ನಿಧಾನವಾಗಿ ಓದಬೇಕು. ಹಿಂದೆ ಸೋತವರಲ್ಲೂ, ಒಳ್ಳೆಯ ಭ್ರೂಣವಿದ್ದರೆ, ಹತ್ತರಲ್ಲಿ ಸುಮಾರು ನಾಲ್ವರು ಏನೂ ಮಾಡದೆಯೇ ಮುಂದಿನ ಸಲ ತಾಯಿಯಾದರು. ಇವರ ಕೈಗೆ ಆ ತಿಂಗಳು ಯಾವ ಸಲೈನ್ ಬಾಟಲಿ ಏರಿಸಿದ್ದರೂ ಕೀರ್ತಿ ಆ ಬಾಟಲಿಗೇ ಸಲ್ಲುತ್ತಿತ್ತು. ‘ಆ ಡಾಕ್ಟರ ಹತ್ತಿರ ಹೋದ ಮೇಲೇ ನಿಂತಿತು’ ಎಂದು ಅತ್ತಿಗೆಯೊಬ್ಬಳು ಹೇಳಿದರೆ ಅದು ಸುಳ್ಳಲ್ಲ. ಆದರೆ ಬಾಟಲಿ ಏರಿಸದೆ ಇದ್ದಿದ್ದರೆ ಏನಾಗುತ್ತಿತ್ತು ಎಂಬುದು ಆಕೆಗೂ ಡಾಕ್ಟರಿಗೂ ತಿಳಿಯದು.

ಹಾಗೆಂದು ರೋಗನಿರೋಧಕ ವ್ಯವಸ್ಥೆಗೂ ಬಸಿರಿಗೂ ಸಂಬಂಧವೇ ಇಲ್ಲ ಎಂದಲ್ಲ. ಆ್ಯಂಟಿಫಾಸ್ಫೊಲಿಪಿಡ್ ಸಿಂಡ್ರೋಮ್ ನಿಜವಾದ ಕಾಯಿಲೆ. ಅದಿರುವವರಿಗೆ ಪದೇಪದೇ ಗರ್ಭಪಾತವಾದಾಗ ಆಸ್ಪಿರಿನ್ ಮತ್ತು ಹೆಪಾರಿನ್ ಕೊಡುವುದಕ್ಕೆ ಆಧಾರವಿದೆ. ಉಳಿದವರಲ್ಲಿ ಭ್ರೂಣ ನಿಲ್ಲದಿರಲು ಸಾಮಾನ್ಯ ಕಾರಣ ಭ್ರೂಣದ ಕ್ರೋಮೋಸೋಮುಗಳ ಏರುಪೇರು, ಅದು ಅಂಡಾಣುವಿನ ವಯಸ್ಸಿನೊಂದಿಗೆ ಹೆಚ್ಚುತ್ತದೆ. ಅದಕ್ಕೆ ಸ್ಟಿರಾಯ್ಡ್ ಏನು ಮಾಡೀತು?

ಬ್ರಿಟನ್ನಿನಲ್ಲಿ ಐವಿಎಫ್ ಕೇಂದ್ರಗಳನ್ನು ನಿಯಂತ್ರಿಸುವ ಎಚ್‌ಎಫ್‌ಇಎ ಇಂಥ ಹೆಚ್ಚುವರಿ ಚಿಕಿತ್ಸೆಗಳಿಗೆ ಬಣ್ಣದ ಗುರುತು ಕೊಡುತ್ತದೆ. ಸ್ಟಿರಾಯ್ಡ್, ಇಂಟ್ರಾಲಿಪಿಡ್, ರಕ್ತನಾಳಕ್ಕೆ ಕೊಡುವ ಇಮ್ಯುನೊಗ್ಲೋಬುಲಿನ್ ಮೂರಕ್ಕೂ ಅದು ಕೊಟ್ಟಿರುವುದು ಕೆಂಪು. ಆ ಪಟ್ಟಿಯನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು. ಬಿಲ್ಲಿನಲ್ಲಿ ಹೊಸ ಹೆಸರೊಂದು ಕಂಡಾಗ ಪುಣೆಯಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಗಂಡ-ಹೆಂಡತಿ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಯೂ ಸರಳವಾದದ್ದೇ: ಇದನ್ನು ಕೊಡದೆ ಬಿಟ್ಟವರಲ್ಲಿ ಎಷ್ಟು ಮಂದಿಗೆ ಮಗುವಾಯಿತು?